ಲಕ್ಕುಂಡಿಯ ಬಾವಿ ನೋಡಲು ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ನಾಲ್ವರು ಗೆಳತಿಯರು ಗದಗ ಹತ್ತಿರದ ಲಕ್ಕುಂಡಿಗೆ ಹೋಗಬೇಕು ಅಂತಿದ್ದೇವೆ. ಅಲ್ಲಿ 101 ಬಾವಿ ಇವೆಯಂತೆ. ನಡೆದುಕೊಂಡೇ ಒಂದು ದಿನದಲ್ಲಿ ಎಲ್ಲ ನೋಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ 101ರ ಲೆಕ್ಕ ಬಿಟ್ಟುಬಿಡಿ. ‘101 ಗುಡಿ, 101 ಬಾವಿ’ ಅನ್ನುವುದು ಆ ಕಡೆಯ ಜನರ ಬಾಯಲ್ಲಿ ಉಳಿದು ಬಂದ ಮಾತು. ನಾನೂ ಮೊದಲ ಸಲ ಹೋದಾಗ ಡೈರಿ ಹಿಡಿದು ಎಣಿಸಲು ಹೊರಟಿದ್ದೆ, ಅದೂ ಮೇ ತಿಂಗಳ ಮಧ್ಯಾಹ್ನ. ಐದನೇ ಬಾವಿಯ ಹತ್ತಿರ ಬರುವಷ್ಟರಲ್ಲಿ ಜಾಲಿಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ನಾಟಿತು, ಅಲ್ಲಿಗೆ ಲೆಕ್ಕ ಮುಗಿಯಿತು. ಮುಳ್ಳು ಕೀಳಲು ಪಿನ್ನು ಕೊಟ್ಟ ಅಜ್ಜಿ, ‘ಬಾವಿ ಎಣಸಾಕ ಬಂದೀಯೋ, ನೋಡಾಕ ಬಂದೀಯೋ’ ಅಂದರು.

ಎರಡು ಬಾವಿ ಸಮಾಧಾನದಿಂದ ನೋಡಿ: ಮುಸುಕಿನ ಬಾವಿ ಮತ್ತು ಕನ್ನೇರ ಬಾವಿ. ಮೂರನೆಯದು ದಾರಿಯಲ್ಲಿ ಯಾರಾದರೂ ‘ಇಲ್ಲೂ ಒಂದೈತ್ರಿ’ ಅಂತ ತೋರಿಸಿದ್ದು. ಬೋರ್ಡು, ಮ್ಯಾಪು ನಂಬಿಕೊಂಡು ಸುತ್ತುವುದಕ್ಕಿಂತ ಕಟ್ಟೆ ಮೇಲೆ ಕೂತವರನ್ನು ಕೇಳುವುದೇ ವಾಸಿ.

ಮುಸುಕಿನ ಬಾವಿ ಮಾಣಿಕೇಶ್ವರ ಗುಡಿಗೆ ಅಂಟಿಕೊಂಡೇ ಇದೆ. ಅಂಚಿಗೆ ಬರುವ ತನಕ ಅಲ್ಲೊಂದು ಬಾವಿ ಇದೆ ಅಂತ ಗೊತ್ತೇ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಮೂರು ಕಡೆಯಿಂದ ಮೆಟ್ಟಿಲು ಕೆಳಗಿಳಿಯುವುದು ಕಾಣುತ್ತದೆ, ನಾಲ್ಕನೆಯ ಕಡೆ ಗುಡಿ. ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳಿವೆ. ಮೇಲೆ ನಿಂತು ಫೋಟೊ ಹೊಡೆದು ವಾಪಸ್ ಹೋಗುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ. ಇಳಿಯಲು ಬಿಟ್ಟಷ್ಟು ದೂರ ಇಳಿದು, ಒಂದು ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ನೆ ಕೂರಿ. ಮೇಲಿನ ಬಿಸಿಲಿಗೂ ಅಲ್ಲಿನ ತಂಪಿಗೂ ಸಂಬಂಧವೇ ಇಲ್ಲ. ಹಸಿರು ನೀರಿನಿಂದ ಎದ್ದ ಬೆಳಕು ಎದುರು ಗೋಡೆಯ ಗೂಡುಗಳ ಮೇಲೆ ನಡುಗುತ್ತಾ ಇರುತ್ತದೆ. ಬೆಳಿಗ್ಗೆ ಹೋದರೆ ಇನ್ನೂ ಚೆಂದ.

ಊರು ಚಿಕ್ಕದು, ಎಲ್ಲ ನಡೆದೇ ಮುಗಿಯುತ್ತದೆ. ಹೇಗೂ ಹೋಗಿರುತ್ತೀರಿ, ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ಬಿಡಬೇಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನಂತೂ ನೋಡಲೇಬೇಕು.

ಪ್ರಶ್ನೆ: ನೀರು ಸೇದಲು ಹಗ್ಗ, ಗಾಲಿ ಸಾಕಲ್ವಾ? ಇಷ್ಟೊಂದು ಮೆಟ್ಟಿಲು ಕಟ್ಟಿಸುವ ಉಸಾಬರಿ ಯಾಕೆ?
– ಓದುಗರು, ತುಮಕೂರು

ಉತ್ತರ: ಒಳ್ಳೆ ಪ್ರಶ್ನೆ. ಗದಗ ಸೀಮೆ ಎರೆಹೊಲದ ನಾಡು, ಮಳೆ ಕಡಿಮೆ. ಮಳೆಗಾಲ ಮುಗಿದಾಗ ನೀರು ಮೇಲಿನ ಮೆಟ್ಟಿಲಿಗೇ ಸಿಗುತ್ತದೆ, ಬೇಸಿಗೆಯಲ್ಲಿ ತಳಕ್ಕೆ ಹೋಗುತ್ತದೆ. ಮೆಟ್ಟಿಲಿದ್ದರೆ ನೀರು ಎಲ್ಲಿದ್ದರೂ ಕೊಡ ಅಲ್ಲಿಗೇ ಹೋಗುತ್ತದೆ. ಹಗ್ಗ ಎಷ್ಟುದ್ದ ಬೇಕು ಅನ್ನುವ ಚಿಂತೆಯಿಲ್ಲ, ಒಂದೇ ಹೊತ್ತಿಗೆ ಹತ್ತಾರು ಜನ ತುಂಬಿಕೊಳ್ಳಬಹುದು. ಇನ್ನೊಂದು ಕಾರಣ ಮಣ್ಣು. ಮೆತ್ತಗಿನ ನೆಲದಲ್ಲಿ ದೊಡ್ಡದಾಗಿ ಅಗೆದರೆ ಬದಿ ಕುಸಿಯುತ್ತದೆ, ಮೆಟ್ಟಿಲಾಗಿ ಇಳಿಸುತ್ತಾ ಹೋದರೆ ಆ ಕಲ್ಲುಗಳೇ ಮಣ್ಣನ್ನು ತಡೆಯುತ್ತವೆ. ಗುಡಿ ಪಕ್ಕದ ಬಾವಿಯಾದರೆ ಸ್ನಾನ, ಪೂಜೆ, ಅಭಿಷೇಕ ಎಲ್ಲಕ್ಕೂ ಅದೇ ನೀರು. ಮೇಲಿಂದ ಹಗ್ಗ ಬಿಟ್ಟು ಸ್ನಾನ ಮಾಡಲು ಆಗುವುದಿಲ್ಲವಲ್ಲ!

ಮುಂದಿನ ಸಲ ಹಳೇ ಬಾವಿ ಇಳಿಯುವಾಗ ಮೆಟ್ಟಿಲ ಅಂಚು ಮುಟ್ಟಿ ನೋಡಿ. ಎಷ್ಟೋ ಕಡೆ ನಡುವೆ ಸವೆದು ತಗ್ಗಾಗಿ, ಎರಡೂ ತುದಿ ಹಾಗೇ ಚೂಪಾಗಿ ಇರುತ್ತದೆ. ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಹತ್ತಿದವರು ನಡುವಿನಲ್ಲೇ ನಡೆದಿದ್ದಾರೆ.

ಪ್ರಶ್ನೆ: ಇಂಥ ಬಾವಿ ಅಂದರೆ ಗುಜರಾತ್, ರಾಜಸ್ಥಾನವೇ ಅಲ್ವಾ? ನಮ್ಮ ಕಡೆ ಲಕ್ಕುಂಡಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಇದೆಯಾ?
– ಓದುಗರು, ಪುಣೆ

ಉತ್ತರ: ಜೇಬಿನಲ್ಲಿ ಹೊಸ 100 ರೂಪಾಯಿ ನೋಟಿದ್ದರೆ ತಿರುಗಿಸಿ. ಅದರಲ್ಲಿರುವುದು ಗುಜರಾತಿನ ಪಾಟಣದ ರಾಣಿ ಕಿ ವಾವ್, 11ನೇ ಶತಮಾನದ್ದು. ಅದರ ಮುಂದೆ ನಮ್ಮದು ಗಾತ್ರದಲ್ಲಿ ಚಿಕ್ಕದೇ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಕಾಲದಲ್ಲಿ ಇಲ್ಲಿ ಕಲ್ಯಾಣ ಚಾಲುಕ್ಯರೂ ಕಟ್ಟಿಸುತ್ತಿದ್ದರು. ಗದಗ ಜಿಲ್ಲೆಯದೇ ಸೂಡಿಯಲ್ಲಿ ನಾಗಕುಂಡ ಅನ್ನುವ ಮೆಟ್ಟಿಲಿನ ಕೊಳ ಇದೆ, ಅಲ್ಲಿ ಜನ ಕಡಿಮೆ, ನನಗೆ ಅದಕ್ಕೇ ಇಷ್ಟ. ನೀವು ಪುಣೆಯಿಂದ ಸೋಲಾಪುರದ ಮೇಲೆ ಬರುವುದಾದರೆ ವಿಜಯಪುರ ದಾರಿಯಲ್ಲೇ ಸಿಗುತ್ತದೆ. ಅಲ್ಲಿ 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ ಎರಡೂ ಇವೆ. ತಾಜ್ ಬಾವಡಿಯ ದೊಡ್ಡ ಕಮಾನಿನ ಕೆಳಗೆ ನಿಂತರೆ ಬಾವಿಗೆ ಬಂದೆನೋ ಕೋಟೆಗೆ ಬಂದೆನೋ ಅನ್ನಿಸುತ್ತದೆ.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಊಟ, ಬಸ್ಸು?
– ಓದುಗರು, ಶಿರಸಿ

ಉತ್ತರ: ಹೋಗಬಹುದು, ಕೈ ಮಾತ್ರ ಬಿಡಬೇಡಿ. ಕೆಳಗಿನ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ತಡೆಗೋಡೆ ಇರುವುದಿಲ್ಲ. ಮಳೆ ಬಿದ್ದ ದಿನ ಇಳಿಯಲೇಬೇಡಿ. ಗದಗಿನಿಂದ ಲಕ್ಕುಂಡಿ ಸುಮಾರು 12 ಕಿಲೋಮೀಟರ್, ಕೊಪ್ಪಳದ ಕಡೆ ಹೋಗುವ ಬಸ್ಸು ಹತ್ತಿ. ನೀರು, ಟೋಪಿ ಜೊತೆಗಿರಲಿ. ಊಟ ವಾಪಸ್ ಗದಗಿಗೆ ಬಂದೇ ಮಾಡಿ, ರೊಟ್ಟಿ, ಎಣ್ಣೆಗಾಯಿ ಸಿಗುತ್ತದೆ. ಸಂಜೆಯಾಗಿದ್ದರೆ ಗಿರ್ಮಿಟ್ಟು, ಮಿರ್ಚಿ. ಮಕ್ಕಳಿಗೆ ಮಿರ್ಚಿಯ ಹೊರಗಿನ ಹಿಟ್ಟು ಮಾತ್ರ ಕೊಡಿ.