ಗೆದ್ದಲು ತಿಂದ ಸ್ಕ್ರಿಪ್ಟು, ಮುಂದೇನು?

ಪ್ರಶ್ನೆ: ನಮ್ಮೂರಲ್ಲಿ ಎಮರ್ಜೆನ್ಸಿ ಮುಗಿದ ಹೊಸತರಲ್ಲಿ ಆಡಿದ್ದ ಬೀದಿನಾಟಕನ ಮತ್ತೆ ಮಾಡ್ಬೇಕು ಅಂತಿದೀವಿ ಸರ್, ಆದ್ರೆ ಅರ್ಧ ಸ್ಕ್ರಿಪ್ಟ್ ಗೆದ್ದಲು ತಿಂದಿದೆ. ಉಳಿದಿದ್ದು ನಾವೇ ಬರ್ಕೊಂಡ್ರೆ ಮೋಸ ಆಗತ್ತಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬರ್ಕೊಳ್ಳಿ, ಆದ್ರೆ ಯಾವ ಭಾಗ ನಿಮ್ದು ಅಂತ ಜನಕ್ಕೆ ಹೇಳ್ಬಿಡಿ, ಮುಚ್ಚಿಟ್ರೆ ಮಾತ್ರ ಮೋಸ. ಅಮೆರಿಕದಲ್ಲಿ 1935ರಲ್ಲಿ ಕೆಲ್ಸ ಇಲ್ದಿರೋ ಕಲಾವಿದರಿಗೆ ಅಂತ ಸರ್ಕಾರವೇ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ಶುರು ಮಾಡ್ತು, ರೈತರ ಕಷ್ಟ, ಬಡವರ ಬಾಡಿಗೆ ಮನೆ ಗೋಳು ಇಂಥ ಪೇಪರ್ ಸುದ್ದೀನೇ 'ಲಿವಿಂಗ್ ನ್ಯೂಸ್‌ಪೇಪರ್' ಅಂತ ಸ್ಟೇಜಿಗೆ ತಂದ್ರು, ಅಲ್ಲಿನ ಕೆಲವು ರಾಜಕಾರಣಿಗಳಿಗೆ ಉರಿ ಹತ್ತಿ 1939ರಲ್ಲಿ ದುಡ್ಡೇ ನಿಲ್ಲಿಸಿಬಿಟ್ರು (ಎಲ್ಲಾ ಕಡೆ ಇದೇ ಕಥೆ ಬಿಡಿ). ಆಮೇಲೆ 1974ರಲ್ಲಿ ಬಾಲ್ಟಿಮೋರ್ ಹತ್ರ ವಿಮಾನ ನಿಲ್ಸೋ ಹಳೇ ಶೆಡ್ಡಲ್ಲಿ ಅದರ ಸ್ಕ್ರಿಪ್ಟು, ಪೋಸ್ಟರು, ಡ್ರೆಸ್ ಡಿಸೈನು ಎಲ್ಲಾ ಸಿಕ್ತು. ಜಾರ್ಜ್ ಮೇಸನ್ ಯೂನಿವರ್ಸಿಟಿಯವ್ರು ಅಷ್ಟಕ್ಕೇ ಸುಮ್ನಾಗ್ಲಿಲ್ಲ, ಆಗ ಆಡಿದ್ದ ಮುದುಕರನ್ನ ಹುಡುಕಿ ಹುಡುಕಿ ಮಾತಾಡ್ಸಿ ರೆಕಾರ್ಡ್ ಮಾಡ್ಕೊಂಡ್ರು.

ನೀವು ಮೊದ್ಲು ಮಾಡ್ಬೇಕಿರೋದೂ ಅದೇ. ಆಗ ಆಡಿದವ್ರು ಯಾರಾದ್ರೂ ಇದ್ರೆ ಕೂರಿಸ್ಕೊಂಡು ಹಾಡು ಹೇಳ್ಸಿ, ಕಾಗದದಲ್ಲಿ ಇಲ್ದಿರೋ ಮಟ್ಟು ಅವರ ಗಂಟಲಲ್ಲಿರತ್ತೆ. ಲೈಬ್ರರೀಲಿ ಆ ವರ್ಷದ ಪೇಪರ್ ತೆಗ್ಸಿ, ಯಾವ ಸುದ್ದಿಗೆ ಜನ ನಕ್ರು ಅನ್ನೋದು ಆಗ ಗೊತ್ತಾಗತ್ತೆ. ಗೆದ್ದಲು ತಿಂದ ಜಾಗ ಬಂದಾಗ ನಟ ನಾಟಕ ನಿಲ್ಸಿ, 'ಇಲ್ಲಿ ಪುಟ ಇಲ್ಲ, ನಿಮ್ಗೇನಾದ್ರೂ ನೆನಪಿದ್ಯಾ' ಅಂತ ಪ್ರೇಕ್ಷಕರನ್ನೇ ಕೇಳ್ಲಿ, ನಾನಾಗಿದ್ರೆ ಹಂಗೇ ಮಾಡ್ತಿದ್ದೆ.