10 ತಿಂಗಳ ಮಗು ಮಂಚದಿಂದ ಬಿದ್ದು ಹಣೆ ಊದಿದೆ, ಮಲಗಿಸಬಹುದಾ?

ಮಗಳು ಮಂಚದಿಂದ ಉರುಳಿ ಟೈಲ್ಸ್ ಮೇಲೆ ಬಿದ್ದಳು, ತಕ್ಷಣ ಅತ್ತಳು, ಆಮೇಲೆ ಹಾಲು ಕುಡಿದು ಆಡಿದಳು, ಹಣೆಯಲ್ಲಿ ಬುಗುಟು ಎದ್ದಿದೆ ಅಂತ ಬರೆದಿದ್ದೀರಿ. ಈಗ ಅವಳು ಮಲಗುವ ಹೊತ್ತು, ಆದರೆ ಅತ್ತೆಯವರು ಮಲಗಿಸಬೇಡ ಅನ್ನುತ್ತಿದ್ದಾರೆ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಈ ಪ್ರಶ್ನೆಯನ್ನು ಅಪ್ಪ ಅಮ್ಮಂದಿರು ನಮಗೆ ಕೇಳುತ್ತಲೇ ಇರುತ್ತಾರೆ.

ಇಲ್ಲಿಯವರೆಗೆ ಎಂದಿನಂತೆ ಇದ್ದಾಳೆ ಅಂದರೆ ಮಲಗಲಿ. ನಿದ್ದೆಯಿಂದ ಪೆಟ್ಟು ಜಾಸ್ತಿ ಆಗುವುದಿಲ್ಲ. ಅತ್ತೆಯವರ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಮಗು ಮಲಗಿದೆಯೋ, ಎಚ್ಚರ ತಪ್ಪಿದೆಯೋ ಎಂದು ದೂರದಿಂದ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೆ ಪಕ್ಕದಲ್ಲೇ ಇರಿ. ಗಂಟೆಗೊಮ್ಮೆ ಉಸಿರು ನೋಡಿ, ಕೆನ್ನೆ ಮುಟ್ಟಿ. ಮುಖ ಸಿಂಡರಿಸಬೇಕು, ಹೊರಳಬೇಕು. ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಮಲಗುವ ಹೊತ್ತಲ್ಲದಾಗ ಮಂಪರು ಹತ್ತಿದರೆ ಅದನ್ನು ನಿದ್ದೆ ಅಂದುಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ.

ಬುಗುಟಿನ ಗಾತ್ರಕ್ಕಿಂತ ಅದು ಎಲ್ಲಿದೆ ಅನ್ನುವುದು ಮುಖ್ಯ. ಹಣೆ ಬೇಗ ಊದಿಕೊಳ್ಳುತ್ತದೆ, ನೋಡಲು ಭಯ ಆಗುತ್ತದೆ, ಆದರೆ ಅಲ್ಲಿನ ಮೂಳೆ ಗಟ್ಟಿ. ಕಿವಿಯ ಮೇಲ್ಭಾಗದಲ್ಲೋ ತಲೆಯ ಹಿಂದೆಯೋ ಮೆತ್ತಗೆ ಊದಿದ್ದರೆ ಅದರಡಿ ಮೂಳೆ ಬಿರುಕು ಬಿಟ್ಟಿರಬಹುದು. ಕೂದಲಿನಲ್ಲಿ ಅದು ಕಾಣಿಸುವುದಿಲ್ಲ, ಆದ್ದರಿಂದ ತಲೆಯನ್ನೆಲ್ಲ ಮೆಲ್ಲಗೆ ಸವರಿ ನೋಡಿ. ಅಂಥ ಊತ ಸಿಕ್ಕರೆ ಮಗು ನಗುತ್ತಿದ್ದರೂ ಈಗಲೇ ಡಾಕ್ಟರಿಗೆ ತೋರಿಸಿ. ಬಿದ್ದ ಎತ್ತರ 3 ಅಡಿಗಿಂತ ಜಾಸ್ತಿ ಇದ್ದರೂ ಅಷ್ಟೇ: ಅಡುಗೆಮನೆ ಕಟ್ಟೆ, ಮೆಟ್ಟಿಲು, ನಿಂತವರ ಕೈ. 3 ತಿಂಗಳೊಳಗಿನ ಕೂಸಾದರೆ ಎತ್ತರ ನೋಡುತ್ತಾ ಕೂರಬೇಡಿ.

ಮತ್ತೆ ಮತ್ತೆ ವಾಂತಿ, ಕೆಲವೇ ಸೆಕೆಂಡಾದರೂ ಎಚ್ಚರ ತಪ್ಪಿದ್ದು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ, ಒಂದು ಕೈಯೋ ಕಾಲೋ ಆಡಿಸದಿರುವುದು, ಕಣ್ಣಿನ ಎರಡು ಪಾಪೆ ಒಂದೇ ಅಳತೆಯಲ್ಲಿ ಇಲ್ಲದಿರುವುದು, ಅಳದೆ ಕೂತಿದ್ದಾಗಲೂ ನೆತ್ತಿ ಉಬ್ಬಿರುವುದು, ಎತ್ತಿಕೊಂಡರೂ ನಿಲ್ಲದ ಅಳು: ಇವುಗಳಲ್ಲಿ ಒಂದು ಕಂಡರೂ ಹೊರಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ನಂಬಿ. ಅಮೆರಿಕದಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪೆಕಾರ್ನ್ ಎಂಬ ನಿಯಮ ಪ್ರಕಟವಾಯಿತು. ಯಾವ ಮಗುವಿಗೆ ಸಿಟಿ ಸ್ಕ್ಯಾನ್ ಬೇಕು ಎಂದು ತೀರ್ಮಾನಿಸಲು ಡಾಕ್ಟರುಗಳು ಅದನ್ನು ಬಳಸುತ್ತಾರೆ. 2 ವರ್ಷದೊಳಗಿನವರ ಲಕ್ಷಣಗಳಲ್ಲಿ ಅದು ಇದನ್ನೂ ಸೇರಿಸಿದೆ: ಹೆತ್ತವರ ಕಣ್ಣಿಗೆ ಮಗು ಎಂದಿನಂತೆ ಕಾಣದಿರುವುದು. "ಏನೋ ಸರಿಯಿಲ್ಲ" ಅಂತ ನಿಮಗೆ ಅನಿಸಿದರೆ ಅದನ್ನು ಹೇಳಲು ಸಂಕೋಚ ಬೇಡ. ಹಾಗೆಯೇ, ಸ್ಕ್ಯಾನ್ ಬೇಡ, 4ರಿಂದ 6 ಗಂಟೆ ಇಲ್ಲೇ ಇರಲಿ, ನೋಡೋಣ ಅಂತ ಡಾಕ್ಟರು ಹೇಳಿದರೆ ಅದು ಉದಾಸೀನ ಅಲ್ಲ. ಸಿಟಿ ಸ್ಕ್ಯಾನಿನ ವಿಕಿರಣ ಎಳೆ ಮಿದುಳಿಗೆ ಸುಮ್ನೆ ತಾಗುವುದು ಬೇಡ ಅಂತಲೇ ಹಾಗೆ ಮಾಡುತ್ತಾರೆ.

ಬುಗುಟನ್ನು ಉಜ್ಜಬೇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಮೆಲ್ಲಗೆ ಇಡಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಕಾಫಿಪುಡಿ, ಅರಿಶಿನ ಬೇಡ. ಎಚ್ಚರ ತಪ್ಪಿದಂತೆ ಕಂಡರೂ ಮಗುವನ್ನು ಅಲುಗಾಡಿಸಬೇಡಿ, ಬಾಯಿಗೆ ನೀರು ಹಾಕಬೇಡಿ.

ಆಸ್ಪತ್ರೆಗೆ ಹೊರಟರೆ ಬಿದ್ದ ಹೊತ್ತು, ಎತ್ತರ, ತಕ್ಷಣ ಅತ್ತಳಾ, ಎಷ್ಟು ಸಲ ವಾಂತಿ ಆಯಿತು ಎಂದು ಮೊಬೈಲಿನಲ್ಲಿ ಬರೆದುಕೊಂಡು ಹೋಗಿ. ನಾವು ಮೊದಲು ಕೇಳುವುದೇ ಇವನ್ನು.