ಪೀಣ್ಯದ ಹಳೆ ಸ್ಟೀಲ್ ಶೆಡ್ಡನ್ನು ಬಿಚ್ಚಿ ಕಾರ್ಕಳದಲ್ಲಿ ಮತ್ತೆ ನಿಲ್ಲಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಬೆಂಗಳೂರಿನ ಪೀಣ್ಯದಲ್ಲಿ ಮುಚ್ಚಿರುವ ಕಾರ್ಖಾನೆಯೊಂದರ 60×100 ಅಡಿ ಶೆಡ್ಡು ಮಾರಾಟಕ್ಕಿದೆ. ಬಿಚ್ಚಿಸಿಕೊಂಡು ಹೋಗಿ ಕಾರ್ಕಳದ ಹತ್ತಿರ ಗೇರುಬೀಜದ ಕಾರ್ಖಾನೆಗೆ ಹಾಗೇ ಜೋಡಿಸಬಹುದಾ, ಹೊಸದಕ್ಕಿಂತ ದುಡ್ಡು ಉಳಿಯುತ್ತಾ ಅಂತ ಕೇಳಿದ್ದೀರಿ.

ಶೆಡ್ ನಿಲ್ಲಿಸುವುದು, ಬಿಚ್ಚಿಸುವುದು ನನ್ನ ಕಸುಬು. ಒಯ್ಯಬಹುದು. ಆದರೆ "ಹಾಗೇ" ಜೋಡಿಸಲು ಆಗುವುದಿಲ್ಲ. ಅಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಕಂಬ, ರಾಫ್ಟರ್ (ಕಂಬಗಳ ಮೇಲೆ ಮಾಡನ್ನು ಹೊರುವ ಇಳಿಜಾರು ತೊಲೆ), ಪರ್ಲಿನ್ (ರಾಫ್ಟರ್‌ಗಳ ಮೇಲೆ ಅಡ್ಡಕ್ಕೆ ಹಾಯುವ, ಶೀಟು ಕೂರುವ ಪಟ್ಟಿ) ಅಷ್ಟೇ. ಅದಕ್ಕೆ ಮಾತ್ರ ಬೆಲೆ ಕಟ್ಟಿ. ಉಳಿದ ಶೀಟು, ಗಟರ್, ಬಾಗಿಲು, ಬೋಲ್ಟು ಎಲ್ಲಾ ಗುಜರಿ ರೇಟಿಗೆ ಬಂದರೆ ಬರಲಿ.

ಮೊದಲು ಗಾಳಿಯ ವಿಷಯ ನೋಡೋಣ, ಯಾಕೆಂದರೆ ಮಾರುವವರು ಇದನ್ನು ಎತ್ತುವುದೇ ಇಲ್ಲ. ನಮ್ಮಲ್ಲಿ ಗಾಳಿಯ ಲೆಕ್ಕಕ್ಕೆ ಐಎಸ್ 875 ಎಂಬ ಭಾರತೀಯ ಮಾನದಂಡದ 3ನೇ ಭಾಗ ಇದೆ. ಅದರ ಪ್ರಕಾರ ಬೆಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ನಿಮಗೆ ಹತ್ತಿರದ ಮಂಗಳೂರಿಗೆ 39. ಆರೇ ಮೀಟರ್ ವ್ಯತ್ಯಾಸ ಅಂತ ಕಾಣುತ್ತದೆ ಅಲ್ವಾ? ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 33ರ ವರ್ಗ 1089, 39ರದ್ದು 1521. ಅಂದರೆ ಗಾಳಿಯ ಒತ್ತಡ ಸುಮಾರು 40 ಶೇಕಡಾ ಜಾಸ್ತಿ. ಕೆಜಿಯಲ್ಲಿ ಹೇಳಿದರೆ, ಪ್ರತಿ ಚದರ ಮೀಟರಿಗೆ 67ರ ಹತ್ತಿರ ಇದ್ದದ್ದು 93ಕ್ಕೆ ಹೋಗುತ್ತದೆ. ಇದು ಮೂಲ ಲೆಕ್ಕ ಮಾತ್ರ. ಪೀಣ್ಯದಲ್ಲಿ ಆ ಶೆಡ್ಡಿನ ಸುತ್ತ ನಾಲ್ಕು ಕಡೆ ಬೇರೆ ಶೆಡ್ಡುಗಳು ಮರೆ ನಿಂತಿರುತ್ತವೆ. ನಿಮ್ಮ ಜಾಗ ಬಯಲಿನಲ್ಲೋ ಗುಡ್ಡದ ನೆತ್ತಿಯಲ್ಲೋ ಇದ್ದರೆ ಇನ್ನೂ ಏರುತ್ತದೆ.

ಇನ್ನೊಂದು ವಿಷಯ. ಜೋರು ಗಾಳಿ ಶೆಡ್ಡಿನ ಮಾಡನ್ನು ಮೇಲಕ್ಕೆ ಎಳೆಯುತ್ತದೆ. ಶೀಟು, ಪರ್ಲಿನ್ ಎಲ್ಲಾ ಸೇರಿ ಮಾಡಿನ ತೂಕ ಚದರ ಮೀಟರಿಗೆ 10-15 ಕೆಜಿ ಇರಬಹುದು. ಮೇಲೆ ಹೇಳಿದ ಒತ್ತಡದ ಮುಂದೆ ಅದು ಏನೇನೂ ಅಲ್ಲ. ಲಾರಿ ಒಳಗೆ ಬರಲಿ ಅಂತ ದೊಡ್ಡ ರೋಲಿಂಗ್ ಶಟರ್ ಇಟ್ಟು, ಅದು ತೆರೆದಿರುವಾಗ ಗಾಳಿ ಒಳಗೆ ನುಗ್ಗಿದರೆ ಒಳಗಿಂದಲೂ ಮೇಲಕ್ಕೆ ದೂಡುತ್ತದೆ. ಸೂರಂಚು ಮತ್ತು ಮೂಲೆಗಳಲ್ಲಿ ಎಳೆತ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಆ ಫ್ರೇಮನ್ನು, ಅಂದರೆ ಕಂಬ ಮತ್ತು ರಾಫ್ಟರ್ ಸೇರಿದ ಚೌಕಟ್ಟನ್ನು, ನಿಮ್ಮ ಊರಿನ ಗಾಳಿಗೆ ಹೊಸದಾಗಿ ಲೆಕ್ಕ ಹಾಕಿಸಲೇಬೇಕು. ಅದೂ ಅಡ್ವಾನ್ಸ್ ಕೊಡುವ ಮೊದಲು. ಅವರು ಅಂಚಿನಲ್ಲಿ ಪರ್ಲಿನ್ ಒತ್ತೊತ್ತಾಗಿ ಹಾಕಿ, ರಾಫ್ಟರ್ ಪಕ್ಕಕ್ಕೆ ಬಾಗದಂತೆ ಹಿಡಿಯುವ ಸ್ಟೇ ಆಂಗಲ್ ಇನ್ನಷ್ಟು ಕೊಡಿ, ಕಂಬದ ತಲೆಯ ಹತ್ತಿರ ಪ್ಲೇಟ್ ಬೆಸುಗೆ ಹಾಕಿ ಅಂತ ಹೇಳಬಹುದು. ಇದೆಲ್ಲಾ ಮಾಡಬಹುದಾದ ಕೆಲಸವೇ. ಆದರೆ ಖರ್ಚು ಎಷ್ಟು ಅಂತ ಮೊದಲೇ ಗೊತ್ತಾಗಬೇಕು.

ಹಾಗೆ ಲೆಕ್ಕ ಹಾಕಲು ಡ್ರಾಯಿಂಗ್ ಬೇಕು. ಮಾರುವವರ ಹತ್ತಿರ ಹಳೆ ಡ್ರಾಯಿಂಗ್ ಇದೆಯಾ ಕೇಳಿ. ಶೆಡ್ ಮಾಡಿದ ಕಂಪನಿಯ ಹೆಸರು ಗೊತ್ತಿದ್ದರೆ ಅವರನ್ನೂ ವಿಚಾರಿಸಿ. ಡ್ರಾಯಿಂಗ್ ಜೊತೆ ಉಕ್ಕಿನ ಸರ್ಟಿಫಿಕೇಟ್ ಸಿಕ್ಕಿದರೆ ಬಂಗಾರ ಸಿಕ್ಕಿದ ಹಾಗೆ. ಕಾರಣ ಹೇಳುತ್ತೇನೆ. ಪಿಇಬಿ ಶೆಡ್ಡುಗಳ, ಅಂದರೆ ಕಾರ್ಖಾನೆಯಲ್ಲೇ ತುಂಡು ತಯಾರಿಸಿ ಸೈಟಿನಲ್ಲಿ ಬೋಲ್ಟು ಹಾಕಿ ಜೋಡಿಸುವ ಶೆಡ್ಡುಗಳ, ಪ್ಲೇಟು ಸಾಮಾನ್ಯವಾಗಿ 345-350 ಮೆಗಾಪಾಸ್ಕಲ್ ಬಲದ್ದು. ಮಾಮೂಲಿ ಉಕ್ಕು 250. ಕಾಗದ ಇಲ್ಲದಿದ್ದರೆ ಜವಾಬ್ದಾರಿ ಇರುವ ಯಾವ ಎಂಜಿನಿಯರೂ 250 ಅಂತಲೇ ಹಿಡಿಯುತ್ತಾರೆ. ಆಗ ಗಟ್ಟಿಯಾಗಿರುವ ಕಂಬವೂ ಕಾಗದದ ಮೇಲೆ ಫೇಲ್ ಆಗುತ್ತದೆ. ಇದಕ್ಕೆ ದಾರಿ ಇದೆ. ಹೆಚ್ಚು ಭಾರ ಬೀಳದ ಜಾಗದಿಂದ ಸಣ್ಣ ತುಂಡು ತೆಗೆದು ಲ್ಯಾಬಿನಲ್ಲಿ ಎಳೆದು ಪರೀಕ್ಷೆ ಮಾಡಿಸಬಹುದು. ಎಲ್ಲಿಂದ ತೆಗೆಯಬೇಕು ಅನ್ನುವುದನ್ನು ಎಂಜಿನಿಯರ್ ಹೇಳಲಿ, ಕಟ್ಟರ್ ಹಿಡಿದ ಹುಡುಗ ಹೇಳುವುದು ಬೇಡ.

ನೋಡಲು ಹೋದಾಗ ಮೊದಲು ಒಂದನ್ನು ಖಾತ್ರಿ ಮಾಡಿಕೊಳ್ಳಿ: ಅದು ಬೋಲ್ಟಿನ ಶೆಡ್ಡಾ, ಬೆಸುಗೆಯ ಟ್ರಸ್ (ತ್ರಿಕೋನಗಳ ಜಾಲದಂಥ ತೊಲೆ) ಇರುವ ಶೆಡ್ಡಾ? ಪಿಇಬಿ ಆಗಿದ್ದರೆ ರಾಫ್ಟರ್ ಎರಡು ತುಂಡಾಗಿ ಬಿಚ್ಚುತ್ತದೆ, ಒಂದೊಂದು ಸುಮಾರು 9 ಮೀಟರ್. ಲಾರಿಯಲ್ಲಿ ಆರಾಮಾಗಿ ಹೋಗುತ್ತದೆ. ಹಳೆಯ ಕಾಲದ ಆಂಗಲ್ ಅಥವಾ ಪೈಪ್ ಟ್ರಸ್ ಆಗಿದ್ದು, ಇಡೀ 18 ಮೀಟರ್ ಒಂದೇ ಬೆಸುಗೆಯಾಗಿದ್ದರೆ ಅದನ್ನು ಕತ್ತರಿಸದೆ ಸಾಗಿಸುವುದು ಕಷ್ಟ. ಪೈಪ್ ಟ್ರಸ್ಸಿಗೆ ಇನ್ನೊಂದು ಕಾಯಿಲೆ ಇದೆ, ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಅಂಥದ್ದನ್ನು ಕರಾವಳಿಗೆ ಒಯ್ಯಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆಮೇಲೆ ಆ ಜಾಗದಲ್ಲಿ ಏನು ಕೆಲಸ ನಡೆಯುತ್ತಿತ್ತು ಅಂತ ಕೇಳಿ. ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ. ಪ್ಲೇಟಿಂಗ್ ಶಾಪ್ ಆಗಿತ್ತು ಅಂದರೆ ಆಸಿಡ್ ಹೊಗೆ ಪರ್ಲಿನ್ ಮತ್ತು ಬೋಲ್ಟನ್ನು ವರ್ಷಗಟ್ಟಲೆ ತಿಂದಿರುತ್ತದೆ. ಮಷಿನ್ ಶಾಪ್ ಅಥವಾ ಪ್ಯಾಕಿಂಗ್ ಆಗಿತ್ತು ಅಂದರೆ ಚಿಂತೆ ಕಮ್ಮಿ. ಕಂಬದ ಕೆಳಗಿನ ಒಂದು ಅಡಿ ನೋಡಿ. ನೆಲ ತೊಳೆದ ನೀರು ನಿಲ್ಲುವುದು ಅಲ್ಲೇ, ತುಕ್ಕು ಶುರುವಾಗುವುದೂ ಅಲ್ಲೇ. ಬಣ್ಣದ ಮೇಲೆ ಸುಮ್ನೆ ಕಣ್ಣಾಡಿಸಿದರೆ ಸಾಲದು. ಸುತ್ತಿಗೆಯಿಂದ ತಟ್ಟಿ, ಪೊರೆ ಎದ್ದರೆ ಕೆರೆದು, ದಪ್ಪ ಅಳೆಯಿರಿ. ಫೋರ್ಕ್‌ಲಿಫ್ಟ್ ಗುದ್ದಿ ಬಾಗಿರುವ ಕಂಬ, ಯಾರೋ ಪೈಪ್ ಹಾಯಿಸಲು ಕೊರೆದ ತೂತು, ಮಧ್ಯದಲ್ಲೇ ಬಿಚ್ಚಿಟ್ಟ ಬ್ರೇಸಿಂಗ್ ರಾಡು (ಫ್ರೇಮುಗಳು ವಾಲದಂತೆ ಓರೆಯಾಗಿ ಕಟ್ಟುವ ಸರಳು), ಇವೆಲ್ಲಾ ಪ್ರತಿ ಹಳೆ ಶೆಡ್ಡಿನಲ್ಲೂ ಸಿಗುತ್ತವೆ. ಫೋಟೋ ತೆಗೆದು ಎಂಜಿನಿಯರ್‌ಗೆ ಕಳಿಸಿ. ಮಾಡಿಗೆ ಕಲ್ನಾರಿನ ಶೀಟು, ಅಂದರೆ ಎಸಿ ಶೀಟು ಇದ್ದರೆ ಅದನ್ನು ಒಡೆದು ಉದುರಿಸಲು ಬಿಡಬೇಡಿ. ಆ ದೂಳು ಶ್ವಾಸಕೋಶಕ್ಕೆ ಕೇಡು. ನೀರು ಹಾಕಿ, ಇಡಿಯಾಗಿ ಇಳಿಸಬೇಕು.

ಈಗ ಬಿಚ್ಚುವ ಕೆಲಸ. ಇಡೀ ವ್ಯಾಪಾರ ಲಾಭವೋ ನಷ್ಟವೋ ಅಂತ ತೀರ್ಮಾನ ಆಗುವುದು ಇಲ್ಲೇ.

ಪೀಣ್ಯದ ಸುತ್ತ ಶೆಡ್ ಬಿಚ್ಚುವವರಲ್ಲಿ ಹೆಚ್ಚಿನವರು ಗುಜರಿ ಲೆಕ್ಕದಲ್ಲಿ ಬಿಚ್ಚುವವರು. ಕೆಜಿಗೆ ಇಷ್ಟು ಅಂತ ಕೂಲಿ, ಬೇಗ ಮುಗಿದಷ್ಟೂ ಅವರಿಗೆ ಲಾಭ. ಬೋಲ್ಟು ಸ್ವಲ್ಪ ಬಿಗಿ ಅನಿಸಿದರೆ ಗ್ಯಾಸ್ ಕಟಿಂಗ್ ಶುರು. ರಾಫ್ಟರ್ ತುದಿಯಲ್ಲಿ ಬೋಲ್ಟು ಕೂರುವ ಒಂದು ಎಂಡ್ ಪ್ಲೇಟ್ ಕತ್ತರಿಸಿದರೆ ಆ ರಾಫ್ಟರ್ ನಿಮ್ಮ ಪಾಲಿಗೆ ಗುಜರಿಯೇ. ಅದಕ್ಕೇ ಒಪ್ಪಂದದಲ್ಲೇ ಬರೆಸಿ: ಸೈಟಿಗೆ ಗ್ಯಾಸ್ ಕಟ್ಟರ್ ಬರಕೂಡದು, ಕತ್ತರಿಸಿದ ಪ್ರತಿ ತುಂಡಿಗೆ ಕೂಲಿಯಲ್ಲಿ ಕಡಿತ. ಬಿಡದ ನಟ್ಟಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಲಿ. ಆಗಲೂ ಬಿಡದಿದ್ದರೆ ಗ್ರೈಂಡರ್‌ನಲ್ಲಿ ನಟ್ಟನ್ನು ಮಾತ್ರ ಕೊಯ್ಯಲಿ. ಬೋಲ್ಟು ಹೋದರೆ ಹೋಗಲಿ, ಪ್ಲೇಟು ಉಳಿಯಬೇಕು.

ಒಂದೇ ಒಂದು ಶೀಟು ಇಳಿಸುವ ಮೊದಲು ನಂಬರ್ ಹಾಕಿಸಿ. ನಿಮ್ಮ ಅಳತೆಗೆ ಮಾಮೂಲಿಯಾಗಿ ಆರು ಫ್ರೇಮ್ ಇರುತ್ತವೆ. ಫ್ರೇಮಿಗೆ 1ರಿಂದ 6, ಎಡಕ್ಕೆ ಒಂದು ಅಕ್ಷರ, ಬಲಕ್ಕೆ ಇನ್ನೊಂದು. ಬಣ್ಣದಲ್ಲಿ ಬರೆದರೆ ಸಾಗಿಸುವಾಗ ಉಜ್ಜಿಹೋಗುತ್ತದೆ, ಪಂಚ್ ಹೊಡೆಸಿ. ಕಂಬ ಮತ್ತು ರಾಫ್ಟರ್ ಸೇರುವ ಕಡೆ ಎರಡೂ ತುಂಡಿಗೆ ಒಂದೇ ನಂಬರ್ ಇರಲಿ. ಎಲ್ಲಾ ಒಂದೇ ಥರ ಕಂಡರೂ ಹಳೆ ಶೆಡ್ಡಿನಲ್ಲಿ ತೂತುಗಳು ಆ ಜೋಡಿಗೇ ಕೂತುಬಿಟ್ಟಿರುತ್ತವೆ. ಅದಲುಬದಲು ಆದರೆ ಮೇಲೆ ನಿಂತ ಹುಡುಗರು ತೂತು ಸೇರದೆ ಅರ್ಧ ದಿನ ಒದ್ದಾಡುತ್ತಾರೆ, ಕೆಳಗೆ ಕ್ರೇನ್ ಬಾಡಿಗೆ ಓಡುತ್ತಿರುತ್ತದೆ.

ಬಿಚ್ಚುವ ಕ್ರಮ ನಿಲ್ಲಿಸುವ ಕ್ರಮಕ್ಕೆ ತಲೆಕೆಳಗು. ಮೊದಲು ಕರೆಂಟು ತೆಗೆಸಿ. ನಂತರ ರಿಡ್ಜ್, ಅಂದರೆ ಮಾಡಿನ ನೆತ್ತಿಯ ಶೀಟು, ಆಮೇಲೆ ಮಾಡಿನ ಶೀಟು, ಗೋಡೆಯ ಶೀಟು. ಬೆಳಕಿಗಾಗಿ ಹಾಕಿದ ಫೈಬರ್ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಬಿಸಿಲಿಗೆ ಅದು ಹಪ್ಪಳದ ಥರ ಆಗಿರುತ್ತದೆ, ದೂಳು ಕೂತು ಬೇರೆ ಶೀಟಿನ ಥರವೇ ಕಾಣುತ್ತದೆ. ಈ ಕಸುಬಿನಲ್ಲಿ ಜನ ಬೀಳುವುದು ಹೀಗೇ. ಬೆಲ್ಟ್, ಲೈಫ್‌ಲೈನ್ ಇಲ್ಲದ ತಂಡವಾದರೆ ರೇಟು ಎಷ್ಟೇ ಕಮ್ಮಿ ಇರಲಿ, ಬೇಡ.

ಶೀಟು ಇಳಿದ ಮೇಲೆ ನಿಂತಿರುವುದು ಬರೀ ಅಸ್ಥಿಪಂಜರ. ಅದು ಬೀಳದಂತೆ ಹಿಡಿದಿರುವುದು ಕ್ರಾಸ್ ಬ್ರೇಸಿಂಗ್ ಇರುವ ಅಂಕಣ (ಎರಡು ಫ್ರೇಮುಗಳ ನಡುವಿನ ಭಾಗ). ಅದನ್ನು ಕೊನೆಗೆ ಉಳಿಸಬೇಕು. ಅದರಿಂದ ದೂರದ ತುದಿಯ ಅಂಕಣದಿಂದ ಶುರು ಮಾಡಿ, ಪರ್ಲಿನ್ ತೆಗೆಯುತ್ತಾ ಬರಬೇಕು. ಪರ್ಲಿನ್ ತೆಗೆದ ಫ್ರೇಮು ಒಂಟಿಯಾಗಿ ಒಂದು ಕ್ಷಣವೂ ನಿಲ್ಲಬಾರದು. ಮೊದಲು ಕ್ರೇನ್ ರಾಫ್ಟರನ್ನು ಹಿಡಿದುಕೊಳ್ಳಬೇಕು, ಕಂಬಕ್ಕೆ ಹಗ್ಗ ಬಿಗಿಯಬೇಕು, ಆಮೇಲೆ ಬೋಲ್ಟು. ರಾಫ್ಟರ್ ಎರಡೂ ತುಂಡು ಸೇರಿಯೇ ಕೆಳಗೆ ಬರಲಿ, ನೆಲದ ಮೇಲೆ ಬಿಚ್ಚಿ. ಪರ್ಲಿನ್ ಇಲ್ಲದ ರಾಫ್ಟರ್ ಪಕ್ಕಕ್ಕೆ ಬಾಗುವ ಸ್ವಭಾವದ್ದು. ಎರಡು ಕಡೆ ಬೆಲ್ಟ್ ಹಾಕಿ ಎತ್ತಬೇಕು, ನಡುವೆ ಒಂದೇ ಕೊಕ್ಕೆ ಹಾಕಿ ಅಲ್ಲ. ಈ ಗಾತ್ರಕ್ಕೆ ಸಾಮಾನ್ಯವಾಗಿ ಹೈಡ್ರಾ ಅನ್ನುವ ಸಣ್ಣ ಕ್ರೇನ್ ಸಾಕು.

ಬಿಚ್ಚಿ ಒಯ್ಯುವುದು ಹೊಸ ಯೋಚನೆ ಏನಲ್ಲ ಬಿಡಿ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರಲ್ಲಿ ಕಟ್ಟಿದ್ದ ಕ್ರಿಸ್ಟಲ್ ಪ್ಯಾಲೇಸನ್ನು ವಸ್ತುಪ್ರದರ್ಶನ ಮುಗಿದ ಮೇಲೆ ಬಿಚ್ಚಿ ಸಿಡನ್‌ಹ್ಯಾಮಿಗೆ ಒಯ್ದು, 1854ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ ಅದೇ. ಅವರೂ "ಹಾಗೇ" ಜೋಡಿಸಲಿಲ್ಲ, ಹೊಸ ಜಾಗದಲ್ಲಿ ಆಕಾರವನ್ನೇ ಬದಲಿಸಿ ದೊಡ್ಡದು ಮಾಡಿದರು.

ಶೀಟಿಗೆ ಬರೋಣ. ಹಳೆ ಶೀಟನ್ನು ಮಾಡಿಗೆ ಹಾಕಬೇಡಿ. ಸ್ಕ್ರೂ ತೂತುಗಳು ಹಳೇ ಜಾಗಕ್ಕೆ ಸರಿಯಾಗಿ ಮತ್ತೆ ಕೂರುವುದಿಲ್ಲ, ಪರ್ಲಿನ್ ಒತ್ತಾಗಿ ಹಾಕಿದರಂತೂ ಇಲ್ಲವೇ ಇಲ್ಲ. ಬೆಂಗಳೂರಿನ ಮಳೆಯಲ್ಲಿ ಸಿಲಿಕೋನ್ ಹಚ್ಚಿ ಹೇಗೋ ತಳ್ಳಬಹುದು. ನಿಮ್ಮ ಕಡೆ ಅದರ ನಾಲ್ಕು ಪಟ್ಟು ಮಳೆ. ಗೇರುಬೀಜಕ್ಕೆ ತೇವ ತಾಗಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಳೆ ಶೀಟಿನಲ್ಲಿ ಚೆನ್ನಾಗಿರುವುದನ್ನು ಪಕ್ಕದ ಗೋಡೆಗೆ, ಕಾಂಪೌಂಡಿಗೆ ಬಳಸಿ. ಮಾಡಿಗೆ ಹೊಸ ಶೀಟು, ಸೂರಿನಿಂದ ರಿಡ್ಜ್ ತನಕ ಮಧ್ಯೆ ಜೋಡಣೆ ಇಲ್ಲದೆ ಒಂದೇ ಉದ್ದ. ಇದಕ್ಕೆ ಇನ್ನೊಂದು ಕಾರಣ ಇದೆ. ಪಿಇಬಿ ಮಾಡಿನ ಇಳಿಜಾರು ಬಹಳಷ್ಟು ಕಡೆ ಹತ್ತಕ್ಕೆ ಒಂದು ಮಾತ್ರ. ನಿಮ್ಮೂರಿನ ಹೆಂಚಿನ ಮನೆಗಳಿಗೆ ಹೋಲಿಸಿದರೆ ಅದು ಚಪ್ಪಟೆಯೇ. ಜಾಸ್ತಿ ಮಾಡೋಣ ಅಂದರೆ ಆಗುವುದಿಲ್ಲ, ಕಂಬದ ತಲೆಯ ಪ್ಲೇಟಿನ ಕೋನವನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಹಾಗಾಗಿ ಶೀಟಿನ ಜೋಡಣೆ ಕಮ್ಮಿ ಮಾಡಿ, ಗಟರ್ ದೊಡ್ಡದು ಮಾಡಿ, ನೀರಿಳಿಯುವ ಪೈಪ್ ಹೆಚ್ಚಿಸಿ.

ಫ್ರೇಮಿನ ಬೋಲ್ಟು ಪೂರ್ತಿ ಹೊಸದು, 8.8 ಗ್ರೇಡ್, ನಟ್ಟು ವಾಷರ್ ಸಮೇತ. ಒಮ್ಮೆ ಪೂರ್ತಿ ಬಿಗಿದ ಹೈ ಟೆನ್ಸೈಲ್ ಬೋಲ್ಟು ಹಿಗ್ಗಿರುತ್ತದೆ. ಒಟ್ಟು ಖರ್ಚಿನಲ್ಲಿ ಇದು ಚಿಲ್ಲರೆ ಕಾಸು, ಇಲ್ಲಿ ಜಿಪುಣತನ ಬೇಡ.

ಪಾಯಕ್ಕೆ ಹಳೆ ಡ್ರಾಯಿಂಗಿನ ಅಳತೆ ನಂಬಬೇಡಿ. ಬಿಚ್ಚುವ ಮೊದಲೇ ಕಂಬದಿಂದ ಕಂಬಕ್ಕೆ, ಪ್ರತಿ ಕಂಬದ ಬುಡದ ಬೇಸ್ ಪ್ಲೇಟಿನ ತೂತಿನಿಂದ ತೂತಿಗೆ ಅಳೆಸಿ, ಅದರ ಮೇಲೆ ಟೆಂಪ್ಲೇಟ್ ಮಾಡಿಸಿ, ಪಾಯದಲ್ಲಿ ಹೂಳುವ ಹೊಸ ಜೆ ಬೋಲ್ಟು ಕೂರಿಸಿ. ಗಾಳಿಯ ಎಳೆತಕ್ಕೆ ಪಾಯದ ತೂಕವೇ ಉತ್ತರ, ಆದ್ದರಿಂದ ಪೀಣ್ಯದಲ್ಲಿ ಇದ್ದದ್ದಕ್ಕಿಂತ ದೊಡ್ಡ ಪಾಯ ಬಂದರೆ ಗಾಬರಿ ಬೇಡ. ಬಣ್ಣದ ವಿಷಯ ಚಿಕ್ಕದು: ಬ್ಲಾಸ್ಟಿಂಗ್ (ಮರಳಿನಂಥ ಕಣ ಹೊಡೆದು ತುಕ್ಕು ತೆಗೆಯುವುದು) ಮಾಡಿಸಿ ಎಪಾಕ್ಸಿ ಪ್ರೈಮರ್ ಹೊಡೆಸಿ. ಕೆಲಸವನ್ನು ಬೆಂಗಳೂರಲ್ಲೇ, ತುಂಡುಗಳು ನೆಲದ ಮೇಲಿರುವಾಗಲೇ ಮಾಡಿಸಿ.

ಲೆಕ್ಕ ಹೀಗೆ ಹಾಕಿ. ಕ್ರೇನ್ ಬೀಮ್ ಇಲ್ಲದ ಸಾದಾ ಶೆಡ್ಡಿಗೆ ಶೀಟು ಬಿಟ್ಟು ಚದರಡಿಗೆ 2.5ರಿಂದ 4 ಕೆಜಿ ಉಕ್ಕು ಇರುತ್ತದೆ. ಮೂರು ಅಂತ ಹಿಡಿದರೆ ನಿಮ್ಮ 6,000 ಚದರಡಿಗೆ 18 ಟನ್. ಅವತ್ತಿನ ಗುಜರಿ ರೇಟಿನಲ್ಲಿ 18 ಟನ್ನಿಗೆ ಎಷ್ಟೋ ಅದು ನಿಮ್ಮ ತಳಬೆಲೆ. ಅದರ ಮೇಲೆ ಎಷ್ಟು ಏರಬಹುದು ಅನ್ನುವುದಕ್ಕೆ, ಹೊಸ ಶೆಡ್ಡಿನ ಕೊಟೇಶನ್ ಒಂದು ತರಿಸಿ. ಅದರಿಂದ ಹೊಸ ಶೀಟು, ಬೋಲ್ಟು, ಬಿಚ್ಚುವ ಕೂಲಿ, ಕ್ರೇನ್, ಲಾರಿ, ಬಣ್ಣ, ಎಂಜಿನಿಯರ್ ಫೀಸು, ಬಲಪಡಿಸುವ ಖರ್ಚು, ಮತ್ತೆ ನಿಲ್ಲಿಸುವ ಕೂಲಿ ಎಲ್ಲಾ ಕಳೆಯಿರಿ. ಪಾಯ ಎರಡಕ್ಕೂ ಬೇಕು, ಅದನ್ನು ಬಿಡಿ. ಕಳೆದು ಉಳಿದದ್ದು ತಳಬೆಲೆಗಿಂತ ಒಳ್ಳೇ ಅಂತರದಲ್ಲಿ ಮೇಲಿದ್ದರೆ ಮಾತ್ರ ಮುಂದುವರಿಯಿರಿ. ಹತ್ತಿರ ಹತ್ತಿರ ಬಂದರೆ ಹೊಸದನ್ನೇ ಮಾಡಿಸಿ. ನಿಮ್ಮ ಗಾಳಿಗೆ, ನಿಮ್ಮ ಮಳೆಗೆ ತಕ್ಕ ಇಳಿಜಾರಿನ ಶೆಡ್ಡು ಸಿಗುತ್ತದೆ.

ಕಾಗದಪತ್ರ: ಶೆಡ್ಡಿನ ಮೇಲೆ ಬ್ಯಾಂಕ್ ಸಾಲ ಇದೆಯಾ, ಜಾಗ ಲೀಸಿನದ್ದಾಗಿದ್ದರೆ ಮಾರಲು ಅವರಿಗೆ ಹಕ್ಕಿದೆಯಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಜಿಎಸ್‌ಟಿ ಬಿಲ್ಲು ಬೇಕೇ ಬೇಕು. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ ಬೇಕು.

ಕೊನೆಗೆ ಕಾಲ. ಆಗುಂಬೆಯಲ್ಲಿ, ಚಾರ್ಮಾಡಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಬೆಂಗಳೂರಿಂದ ನಿಮಗಿರುವ ನೇರ ದಾರಿ ಶಿರಾಡಿ, ಅದೂ ಮಳೆಗಾಲದಲ್ಲಿ ಗುಡ್ಡ ಕುಸಿದು ಆಗಾಗ ಬಂದ್. ದೀಪಾವಳಿ ಕಳೆದ ಮೇಲೆ ಬಿಚ್ಚಿಸಿ. ಅಷ್ಟರಲ್ಲಿ ಅಲ್ಲಿ ಪಾಯ ಎದ್ದಿರಲಿ. ಏಪ್ರಿಲ್ ಒಳಗೆ ಮಾಡಿನ ಶೀಟು ಬೀಳಬೇಕು, ಮೇ ತಿಂಗಳ ಗುಡುಗು ಮಳೆಯ ಗಾಳಿ ಅರ್ಧ ನಿಂತ ಫ್ರೇಮಿಗೆ ಒಳ್ಳೆಯದಲ್ಲ. ಹೊಸ ಶೀಟು ಮೊದಲೇ ತರಿಸಿದರೆ ಬಯಲಲ್ಲಿ ಒಂದರ ಮೇಲೊಂದು ಪೇರಿಸಿಡಬೇಡಿ. ಪದರದ ನಡುವೆ ನೀರು ಇಂಗಿ ಬಿಳಿ ತುಕ್ಕು ಹಿಡಿಯುತ್ತದೆ. ಒಂದು ಕಡೆ ಎತ್ತರಿಸಿ, ಟಾರ್ಪಾಲಿನ ಕೆಳಗೆ ಗಾಳಿ ಆಡುವ ಹಾಗೆ ಇಡಿಸಿ.